ಗೋಡೆ ದಪ್ಪವಾದರೂ ತೂತು ಕದಲಲಿಲ್ಲ

ಗೆಳೆಯರೇ, ಇವತ್ತು ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಿ. ಕುಶಾಲನಗರದ ವರ್ಕ್‌ಶಾಪಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಭಾಗಗಳನ್ನು ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವವಳು ನಾನು. ಬೆಳಿಗ್ಗೆ ನಮಗೆ ಎರಕ ಹೊಯ್ದು ಕೊಡುವ ಫೌಂಡ್ರಿಯವರು ಫೋನ್ ಮಾಡಿ, “ಮೇಡಂ, ಎರಕದ ಗೋಡೆ ತೆಳು ಆಯ್ತು, ದಪ್ಪ ಮಾಡಿ ಕಳಿಸಿ” ಎಂದರು.

ನಮ್ಮ ಮಾಲೀಕರು ತಲೆಯ ಮೇಲೆ ಕೈ ಹೊತ್ತು ಕುಳಿತರು. “ಕಾಫಿ ಪಿಕ್ಕಿಂಗ್ ಹತ್ರ ಬಂತಲ್ಲಮ್ಮ! ಎರಕದ ಡ್ರಾಯಿಂಗೂ ಬದಲಿಸಿ, ಮಶಿನಿಂಗ್ ಆದ್ಮೇಲಿನ ಡ್ರಾಯಿಂಗೂ ಮತ್ತೆ ಬರೀಬೇಕಾ?”

“ಬೇಡ ಸಾರ್, ಎರಡನ್ನೂ ಲಿಂಕ್ ಮಾಡಿಟ್ಟಿದ್ದೀನಿ.”

ಎರಕದ ಮಾಡೆಲ್‌ನಲ್ಲಿ ಅಳತೆ ಬದಲಿಸಿದೆ. ಮಶಿನಿಂಗ್ ಆದ, ಅಂದರೆ ಎರಕವನ್ನು ಕಡೆದು ತೂತು ಕೊರೆದ ಮೇಲಿನ ಭಾಗದ ಮಾಡೆಲ್ ತಾನಾಗಿಯೇ ಬದಲಾಯಿತು. ಕದಲಲೇಬಾರದಿದ್ದ ಬೇರಿಂಗ್ ಕೂರುವ ತೂತು ಮಾತ್ರ ಇದ್ದಲ್ಲೇ ಇತ್ತು.

ಹೋದ ವಾರ ಲಿಂಕ್ ಮಾಡುವಾಗ “ಸುಮ್ನೆ ಕಾಪಿ ಹೊಡಿ, ಟೈಮ್ ವೇಸ್ಟ್” ಎಂದು ಗದರಿದ್ದ ಇದೇ ಮಾಲೀಕರು, ಮಧ್ಯಾಹ್ನ ಪಲ್ಪರ್‌ಗೆ ಆರ್ಡರ್ ಕೊಟ್ಟಿದ್ದ ಕೊಡ್ಲಿಪೇಟೆಯ ಎಸ್ಟೇಟಿನವರಿಗೆ ಫೋನಿನಲ್ಲಿ ಹೇಳುತ್ತಿದ್ದರು: “ಟೈಮಿಗೆ ಕೊಡ್ತೀವಿ. ನಾವು ಎಲ್ಲಾ ಲಿಂಕ್ ಮಾಡಿಯೇ ಇಡೋದು!”

ಆ ‘ನಾವು’ ಅಂದರೆ ಯಾರೆಂದು ನಾನು ಕೇಳಲಿಲ್ಲ. ದೊಡ್ಡ ಮನಸ್ಸು ನನ್ನದು.