ಸಮುದ್ರಕ್ಕೆ ಬೆನ್ನು ಹಾಕಿದ ತಿಪ್ಪಕ್ಕ

ತಿಪ್ಪಕ್ಕ ಸಮುದ್ರಕ್ಕೆ ಬೆನ್ನು ಹಾಕಿ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಚಳ್ಳಕೆರೆಯಿಂದ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದ ನಮ್ಮ ಜನ ಜನ್ಮದಲ್ಲೇ ಕಾಣದಷ್ಟು ನೀರು ಕಂಡು ಕೇಕೆ ಹಾಕುತ್ತಿದ್ದರೆ, ಈ ಮಹಾತಾಯಿ ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ. ಯಾಕಕ್ಕ ಅಂತ ಕೇಳಿದರೆ, “ಅಷ್ಟು ನೀರೈತೆ, ಒಂದು ಚೊಂಬು ಕುಡಿಯಾಕಾಗಲ್ಲ. ನಮ್ಮ ಜಟಿಂಗ ರಾಮೇಶ್ವರದ ಬೆಟ್ಟ ಆದ್ರೆ ಹತ್ತಬಹುದು, ಇಳೀಬಹುದು. ಇದನ್ನ ಏನ್ ಮಾಡಾಣ ಹೇಳು?” ಅನ್ನುತ್ತಿದ್ದಳು.

ತೊಂಬತ್ತರ ದಶಕದ ಆ ವರ್ಷಗಳಲ್ಲಿ ಶೇಂಗಾ ಸುಗ್ಗಿ ಮುಗಿದು ಜನಕ್ಕೆ ಬಿಡುವಾದಾಗ, ನಾನು ಒಂದು ಬಸ್ಸು ಗೊತ್ತು ಮಾಡಿ ಊರವರನ್ನು ಧರ್ಮಸ್ಥಳ, ಗೋಕರ್ಣ ಅಂತ ಪ್ರವಾಸ ಕರೆದುಕೊಂಡು ಹೋಗುತ್ತಿದ್ದೆ. ಅಡುಗೆಗೆ ತಿಪ್ಪಕ್ಕನೇ ಆಗಬೇಕು. ಅವಳು ಮೊಳಕಾಲ್ಮುರು ಕಡೆಯ ಹೆಣ್ಣು. ಗಂಡ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಹಮಾಲಿಯಾಗಿದ್ದವನು, ಮಗಳು ಅಂಬೆಗಾಲಿಡುವಾಗಲೇ ಜ್ವರ ಬಂದು ತೀರಿಕೊಂಡ. ಮದುವೆ ಮನೆ, ತಿಥಿ ಮನೆ ಅನ್ನದೆ ಒಲೆಯ ಮುಂದೆ ಬೆಂದು ಮಗಳನ್ನು ಬೆಳೆಸಿ ಗಂಡನ ಮನೆಗೆ ಕಳಿಸಿದ್ದಳು. ಸಿಟ್ಟು ಬಂದರೆ ತೆಲುಗಿನಲ್ಲಿ ಬೈಯುತ್ತಿದ್ದಳು. ಪ್ರೀತಿ ಬಂದರೂ ಬೈಗುಳವೇ, ಆದರೆ ಕನ್ನಡದಲ್ಲಿ. ಸಾರಿಗೆ ಉಪ್ಪು ಕಡಿಮೆ ಅಂದವನಿಗೆ, ಸಮುದ್ರ ಅಲ್ಲೇ ಐತೆ, ಅದ್ದಿಕೊಂಡು ತಿನ್ನು ಅಂದವಳು.

ನಾವು ಪ್ರತಿ ಸಲ ಇಳಿದುಕೊಳ್ಳುತ್ತಿದ್ದದ್ದು ಗೋಕರ್ಣದಿಂದ ಕೊಂಚ ದೂರ, ಕಡಲ ದಂಡೆಯಲ್ಲೇ ಇದ್ದ ಒಂದು ಹಂಚಿನ ಮನೆಯಲ್ಲಿ. ಅದನ್ನು ಲಾಡ್ಜು ಅನ್ನುವುದು ದೊಡ್ಡ ಮಾತಾಯಿತು. ನಾಲ್ಕಾರು ಕೋಣೆ, ಒಂದು ಜಗಲಿ, ಹಿಂದೆ ಸೌದೆ ಒಲೆಯ ಅಡುಗೆಮನೆ, ಅಷ್ಟೇ. ಅದರ ಮಾಲೀಕ ವಿಠ್ಠಲಣ್ಣ. ಹೆಂಡತಿ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮೆತ್ತಗಿನ ಮನುಷ್ಯ. ಮೊದಲ ವರ್ಷ ತಿಪ್ಪಕ್ಕ ಅವನಿಗೂ ಮುದ್ದೆ ಬಡಿಸಿದಳು. ಅವನು ಅದನ್ನು ರೊಟ್ಟಿಯಂತೆ ಅಗಿಯತೊಡಗಿದ. ಅಗಿದಷ್ಟೂ ಅದು ಬಾಯಿತುಂಬ ಅಂಟುತ್ತಿತ್ತು. ತಿಪ್ಪಕ್ಕ ಸೌಟು ಹಿಡಿದು ಎದುರಿಗೆ ನಿಂತು, “ಅಗೀಬ್ಯಾಡ್ರೀ, ನುಂಗ್ರಿ. ಅದೇನು ಎಲೆ ಅಡಿಕೇನಾ?” ಅಂದಳು. ಅವನು ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದ, ಇನ್ನೊಂದು ಹಾಕಿ ಅಂದ. ಅಂದಿನಿಂದ ನಮ್ಮ ಬಸ್ಸು ಬರುವ ಹೊತ್ತಿಗೆ ಅವನ ಅಡುಗೆಮನೆಯಲ್ಲಿ ಒಣ ಸೌದೆ ಒಟ್ಟಿರುತ್ತಿತ್ತು, ಹಂಡೆಯ ತುಂಬ ಸಿಹಿನೀರು ಇರುತ್ತಿತ್ತು.

ಒಂದು ವರ್ಷ ಹೀಗಾಯಿತು. ಬಸ್ಸು ಜನರನ್ನು ತುಂಬಿಕೊಂಡು ದೇವಸ್ಥಾನಕ್ಕೆ ಹೋಗಿತ್ತು, ನಾನು ಜಗಲಿಯಲ್ಲೇ ಉಳಿದಿದ್ದೆ. ತಿಪ್ಪಕ್ಕನ ಬಟ್ಟೆಯ ಚೀಲವೂ ಅದರಲ್ಲೇ ಹೋಗಿತ್ತು. ಅವಳು ದಂಡೆಯಲ್ಲಿ ಮರಳು ಹಾಕಿ ಪಾತ್ರೆ ಉಜ್ಜುತ್ತಿದ್ದಳು. ಬೆನ್ನು ಹಾಕಿಯೇ ಕೂತಿದ್ದಳಲ್ಲ, ಅಲೆ ಬಂದದ್ದು ಕಾಣಲಿಲ್ಲ. ಅನ್ನದ ತಪ್ಪಲೆಯ ಮುಚ್ಚಳ ತೇಲಿಕೊಂಡು ಹೋಯಿತು. ಅದನ್ನು ಹಿಡಿಯಲು ಓಡಿದವಳು ನೆತ್ತಿಯವರೆಗೂ ನೆಂದು, ಮುಚ್ಚಳ ಹಿಡಿದುಕೊಂಡೇ ಎದ್ದು ಬಂದಳು. ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು. ವಿಠ್ಠಲಣ್ಣ ಒಳಗೆ ಓಡಿ ಟ್ರಂಕಿನಿಂದ ಒಂದು ಸೀರೆ ತಂದು ಅವಳ ಮುಂದೆ ಹಿಡಿದ. ಅವನ ಹೆಂಡತಿಯದು. ಕಡು ಹಸಿರು, ಕೆಂಪು ಅಂಚು.

ತಿಪ್ಪಕ್ಕನ ಮುಖ ಬಿಳಿಚಿಕೊಂಡಿತು. ಅವಳು ಮುಟ್ಟಲೇ ಇಲ್ಲ. ಒಲೆಯ ಮುಂದೆ ಹೋಗಿ ಒದ್ದೆ ಸೀರೆಯಲ್ಲೇ ಕೂತವಳು ಬಸ್ಸು ಬರುವವರೆಗೆ ಸೀನುತ್ತಾ ಕೂತಿದ್ದಳು. ವಿಠ್ಠಲಣ್ಣನಿಗೆ ನೋವಾಯಿತು. ಸತ್ತವಳ ಸೀರೆ ಅಂತ ಬೇಡವೆಂದಳೇನೋ ಅಂತ ನನ್ನ ಹತ್ತಿರ ಬಂದು ಹೇಳಿಕೊಂಡ. ಆಗ ನಾನು ನಮ್ಮ ಕಡೆಯ ಪದ್ಧತಿಯನ್ನು ಬಿಡಿಸಿ ಹೇಳಬೇಕಾಯಿತು. ನಮ್ಮಲ್ಲಿ ಗಂಡ ಸತ್ತವಳಿಗೆ ಎರಡನೇ ಮದುವೆ ಅಂದರೆ ವಾಲಗ, ಚಪ್ಪರ ಏನೂ ಇಲ್ಲ. ಒಬ್ಬ ಗಂಡಸು ಸೀರೆ ಕೊಡುತ್ತಾನೆ, ಹಿರಿಯರ ಎದುರು ಅವಳು ಅದನ್ನು ಉಡುತ್ತಾಳೆ. ಅದಕ್ಕೆ ಉಡಿಕೆ ಅನ್ನುತ್ತೇವೆ. ಉಟ್ಟರೆ ಹೆಂಡತಿ, ಉಡದಿದ್ದರೆ ಇಲ್ಲ.

ಅವನು ಸೀರೆಯನ್ನು ಮಡಿಕೆ ಕೆಡದಂತೆ ಒಳಗಿಟ್ಟು ಬಂದ. ಮಾರನೆಯ ದಿನ ನಾವು ಹೊರಡುವಾಗ, ಬಸ್ಸಿನ ಬಾಗಿಲಲ್ಲಿ, ಅವಳಿಗೂ ಕೇಳುವಂತೆ ನನಗೆ ಹೇಳಿದ: “ಗೊತ್ತಿಲ್ದೇ ಕೊಟ್ಟೆ ಮಾರಾಯ್ರೆ, ತಪ್ಪು ತಿಳೀಬೇಡಿ. ಬರೋ ವರ್ಷ ಗೊತ್ತಿದ್ದೇ ಕೊಡ್ತೆ. ಬೇಡಾದ್ರೆ ಬೇಡ ಅನ್ನಲಿ.”

ತಿಪ್ಪಕ್ಕ ಘಟ್ಟ ಹತ್ತಿ ಮುಗಿದ ಮೇಲೆ ಡ್ರೈವರನಿಗೆ ತೆಲುಗಿನಲ್ಲಿ ಬೈದಳು. ಅವನು ಏನೂ ಮಾಡಿರಲಿಲ್ಲ, ಪಾಪ.

ಮರುವರ್ಷ ಅವಳು ಬರುವಂತಿರಲಿಲ್ಲ. ಮಗಳು ಹೆರಿಗೆಗೆ ಬಂದಿದ್ದಳು. ಬಾಣಂತಿಯನ್ನು ಬಿಟ್ಟು ಯಾವ ತಾಯಿ ಹೊರಡುತ್ತಾಳೆ? ಮಗಳ ಹತ್ತಿರ ವಿಷಯ ಎತ್ತಿದ್ದಳಂತೆ. ಮಗಳು ಒಂದು ಗಳಿಗೆ ಅತ್ತು, ಹೋಗವ್ವ, ನಿನಗೂ ಒಂದು ಜೀವ ಬೇಕು ಅಂದಳಂತೆ. ನಾನು ಹೊರಡುವ ದಿನ ತಿಪ್ಪಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು, “ಬರೋ ವರ್ಷ ಬರ್ತೀನಿ ಅಂತ ಹೇಳು” ಅಂದಳು. ಅಷ್ಟೇ ಹೇಳಿದ್ದು. ವಿಠ್ಠಲಣ್ಣನಿಗೆ ಹಾಗೇ ಮುಟ್ಟಿಸಿದೆ. ಅಂದರೆ ಹೌದು ಅಂತಲಾ ಅಂತ ಕೇಳಿದ. ಬೇಡ ಅನ್ನುವವಳಾದರೆ ನಮ್ಮ ಕಡೆ ಹೆಂಗಸು ಹೇಳಿ ಕಳಿಸುವುದೇ ಇಲ್ಲ ಅಂದೆ. ಆ ಮನುಷ್ಯ ನಕ್ಕದ್ದು ಇವತ್ತಿಗೂ ನನ್ನ ಕಣ್ಣಲ್ಲಿದೆ. ಆ ದಿನವೇ ಸೀರೆ ತೆಗೆದು ಒಗೆದು, ನೆರಳಲ್ಲಿ ಒಣಗಿಸಿ, ನುಸಿಗುಳಿಗೆ ಹಾಕಿಟ್ಟ.

ಮುಂದಿನ ಪ್ರವಾಸ ಹತ್ತಿರ ಬಂದಾಗ ತಿಪ್ಪಕ್ಕ ನನ್ನನ್ನು ಚಳ್ಳಕೆರೆಯ ಒಂದು ಬಟ್ಟೆ ಅಂಗಡಿಗೆ ಎಳೆದುಕೊಂಡು ಹೋದಳು. ರವಿಕೆ ಬಟ್ಟೆ ಬೇಕಿತ್ತು. ಅಂಗಡಿಯ ಸಾಬರು ಹಸಿರಿನ ಥಾನುಗಳನ್ನೆಲ್ಲ ಬಿಚ್ಚಿ ಹಾಕಿದರು. ಇದಲ್ಲ, ಇನ್ನೂ ಒಂಚೂರು ಕಪ್ಪು. ಇದೂ ಅಲ್ಲ, ಇದು ಹುಣಸೆ ಎಲೆ ಬಣ್ಣ ಆಯ್ತು ಅನ್ನುತ್ತಾ ಅವಳು ತಳ್ಳುತ್ತಲೇ ಇದ್ದಳು. ಸೀರೆ ತಗೊಂಡು ಬಾ ಅಮ್ಮಾ, ಮ್ಯಾಚಿಂಗ್ ಕೊಡ್ತೀನಿ ಅಂದರು ಸಾಬರು, ಸಾಕಾಗಿ.

“ಸೀರೆ ನನ್ನತ್ರ ಇಲ್ಲ.”

“ಮತ್ತೆ?”

“ಐತೆ, ಒಂದ್ ಕಡೆ” ಅಂದಳು ತಿಪ್ಪಕ್ಕ. ಅವಳು ನಾಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಸಲ ಬಸ್ಸಿನಲ್ಲಿ ನನ್ನ ಚೀಲದಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇದ್ದವು. ಹಿರಿಯ ಅಂತ ನೀನೇ ಕೂತ್ಕಾ, ಬೇರೆ ಯಾರವ್ರೆ ನನಗೆ ಅಂತ ಅವಳು ಹೇಳಿದ್ದಳು. ನಾನು ಅವಳಿಗಿಂತ ಚಿಕ್ಕವನು, ಆದರೂ ಹಿರಿಯನಾಗಲು ಬಿಳಿ ಪಂಚೆ ಇಟ್ಟುಕೊಂಡಿದ್ದೆ.

ಬಸ್ಸು ನಿಂತಾಗ ಜಗಲಿಯಿಂದ ಇಳಿದು ಬಂದವಳು ನಮಗೆ ಗುರುತಿಲ್ಲದ ಹೆಂಗಸು. ವಿಠ್ಠಲಣ್ಣನ ತಮ್ಮನ ಹೆಂಡತಿ. ಭಾವ ಮಳೆಗಾಲದಲ್ಲಿ ಎದೆನೋವು ಬಂದು ಹೋಗಿಬಿಟ್ಟರು, ಈಗ ನಾವೇ ನೋಡಿಕೊಳ್ತೇವೆ ಅಂದಳು. ನಮಗೆ ತಿಳಿಸಲು ಅವರಿಗೆ ನಾವು ಯಾರು? ವರ್ಷಕ್ಕೊಮ್ಮೆ ಬರುವ ಬಸ್ಸಿನ ಜನ. ಅವಳು ಉಟ್ಟಿದ್ದದ್ದು ಕಡು ಹಸಿರು ಸೀರೆ, ಕೆಂಪು ಅಂಚು. ತಿಪ್ಪಕ್ಕ ಅದನ್ನೇ ನೋಡುತ್ತಿದ್ದಳು. ಚೆನ್ನಾಗೈತೆ ಸೀರೆ ಅಂದಳು. ಆ ಹೆಂಗಸು ಸಂಕೋಚದಿಂದ, ಭಾವನ ಟ್ರಂಕಲ್ಲಿತ್ತು, ಯಾಕೋ ಜೋಪಾನ ಮಾಡಿ ಇಟ್ಟಿದ್ರು, ಹಾಳಾಗೋದು ಬೇಡ ಅಂತ ಉಡ್ತೆ ಅಂದಳು.

ಜನಕ್ಕೆ ಹಸಿವಾಗಿತ್ತು. ತಿಪ್ಪಕ್ಕ ಒಲೆ ಹಚ್ಚಿದಳು, ಮುದ್ದೆ ತೊಳಸಿದಳು, ಸಾರು ಕಾಸಿದಳು, ಎಲ್ಲರಿಗೂ ಬಡಿಸಿದಳು. ಸಾರಿಗೆ ಉಪ್ಪೇ ಇರಲಿಲ್ಲ, ಯಾರೂ ಕೇಳಲಿಲ್ಲ. ಊಟವಾದ ಮೇಲೆ ಹೊರಗೆ ಹೋಗಿ ಕೂತಳು. ಮೊದಲ ಸಲ ಸಮುದ್ರದ ಕಡೆಗೆ ಮುಖ ಮಾಡಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಅತ್ತುಬಿಟ್ಟೆ. ಅವಳು ಅಳಲಿಲ್ಲ. “ಅವತ್ತು ಉಟ್ಕಂಡಿದ್ರೆ ಆಗ್ತಿತ್ತು ಕಣಪ್ಪಾ. ಚಳಿ ಆಗ್ತಿತ್ತು ನನಗೆ” ಅಂದಳು.

ಹೊರಡುವಾಗ ತನ್ನ ಚೀಲದಿಂದ, ಹೊಲಿಸಿ ತಂದಿದ್ದ ಆ ರವಿಕೆ ತೆಗೆದು ಆ ಹೆಂಗಸಿನ ಕೈಗೆ ಕೊಟ್ಟಳು. ಈ ಸೀರೆಗೆ ಹೊಂದತೈತೆ, ಇಟ್ಕಳವ್ವ, ಒಂಚೂರು ಹಿಡಿಸಿಕೊ ಅಂದಳು. ಆ ಹೆಂಗಸು ಸೆರಗಿನ ಪಕ್ಕ ಇಟ್ಟು ನೋಡಿದಳು. ಬಣ್ಣ ಒಂದೆಳೆಯೂ ತಪ್ಪಿರಲಿಲ್ಲ.

ಆಮೇಲೆ ತಿಪ್ಪಕ್ಕ ಪ್ರವಾಸಕ್ಕೆ ಬರಲಿಲ್ಲ. ಕೆಲವು ವರ್ಷ ಮದುವೆ ಮನೆಗಳಲ್ಲಿ ಸಿಗುತ್ತಿದ್ದಳು, ಬೈಯುತ್ತಿದ್ದಳು, ತಟ್ಟೆ ತುಂಬ ಬಡಿಸುತ್ತಿದ್ದಳು. ಒಂದು ಬೇಸಿಗೆಯಲ್ಲಿ ಮೊಳಕಾಲ್ಮುರಿನಲ್ಲಿ ಮಗಳ ಮನೆಯಲ್ಲಿ ತೀರಿಕೊಂಡಳು. ನಾನು ಹೋಗುವ ಹೊತ್ತಿಗೆ ಮಣ್ಣು ಮಾಡಿದ್ದರು.

ಆ ವರ್ಷದ ಪ್ರವಾಸದಲ್ಲಿ ಹಂಚಿನ ಮನೆಯ ಹೆಂಗಸು ಬಸ್ಸಿನ ಬಾಗಿಲಿಗೇ ಬಂದಳು. ಹಸಿರು ಸೀರೆ, ಹಸಿರು ರವಿಕೆ. ಇಳಿಯುವವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿ, ರವಿಕೆ ಕೊಟ್ಟ ಆ ಅಕ್ಕ ಈ ಸಲವೂ ಬರಲಿಲ್ವಾ ಅಂತ ಕೇಳಿದಳು. ನಿಜ ಹೇಳಬೇಕೆಂದು ಬಾಯಿ ತೆರೆದೆ. ಹೊರಗೆ ಬಂದದ್ದು ಆ ಹಾಳು ಮಾತೇ.

“ಬರೋ ವರ್ಷ ಬರ್ತಾಳಂತೆ” ಅಂದೆ.