ಬಾಗಿಲಲ್ಲಿ ತಂಬಿಗೆ ಹಿಡಿದವರು

ನಮ್ಮ ಮನೆಯಿಂದ ಯಾವ ಹೆಂಗಸು ಊರಿಗೆ ಹೊರಟರೂ ಸರಿ, ಮಾವನವರು ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿರುತ್ತಿದ್ದರು. ಧೋತರ, ಕರಿ ಕೋಟು, ತಲೆಗೆ ಬಿಳಿ ಟೊಪ್ಪಿಗೆ. ಬಸ್ಸು ತಪ್ಪಲಿ, ಬೇಕಾದ್ದಾಗಲಿ, ತಂಬಿಗೆ ಬರಿದಾಗದೆ ಹೊಸ್ತಿಲು ದಾಟುವಂತಿರಲಿಲ್ಲ. "ನೀರ ಕುಡದ ಹೋಗ, ತಂಗಿ" ಎನ್ನುವರು. ಒಂದು ಗುಟುಕು ಕುಡಿದು ಜಾರಿಕೊಳ್ಳಲು ನೋಡಿದರೆ ತಂಬಿಗೆಯೊಳಗೆ ಇಣುಕಿಯೇ ನೋಡುತ್ತಿದ್ದರು! ಬೆಳಗಾವಿಯಲ್ಲಿ ಅರಿವೆ ಅಂಗಡಿ ಇಟ್ಟ ಮನುಷ್ಯ. ಅಳತೆಯಲ್ಲಿ ಅವರನ್ನು ಯಾರು ಯಾಮಾರಿಸಬೇಕು?

ಈ ಹಟಕ್ಕೆ ಕಾರಣ ನಮ್ಮ ಅತ್ತೆ. ಮನೆತನದ ಹೊಲ ಖಾನಾಪುರದಲ್ಲಿತ್ತು. ಅತ್ತೆ ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ, ಹೊಲ ನೋಡಿ, ಸಂತೆ ಮುಗಿಸಿ ಬರುತ್ತಿದ್ದರು. ನಾನು ಸೊಸೆಯಾಗಿ ಬರುವುದಕ್ಕೆ ಹಿಂದಿನ ಬೇಸಿಗೆ, ಅಂದರೆ ಎಪ್ಪತ್ತರ ದಶಕದ ಮೊದಲಲ್ಲಿ, ಸಂತೆಯ ನಡುವೆಯೇ ಕಣ್ಣು ಕತ್ತಲೆ ಬಂದು ಬಿದ್ದುಬಿಟ್ಟರಂತೆ. ಬೆಳಗಿನಿಂದ ಹನಿ ನೀರೂ ಕುಡಿದಿಲ್ಲ ಎಂದರು ಡಾಕ್ಟರು. ಮಾವ ರೇಗಿದರು. ಆಗ ಅತ್ತೆ ಹೇಳಿದರಂತೆ: "ಕುಡದು ಎಲ್ಲಿಗೆ ಹೋಗೂಣ್ರಿ? ಗಂಡಸರಿಗೆ ನಿಲ್ಲಾಕ ಎಲ್ಲಾ ಗ್ವಾಡಿ ಅದಾವು. ಸಂತಿ ದಿನ ನಾವು ಹೆಣ್ಮಕ್ಕಳು ಯಾರೂ ನೀರ ಕುಡಿಯಂಗಿಲ್ಲ."

ನಲವತ್ತು ವರ್ಷದ ಸಂಸಾರ! ಇಷ್ಟು ದಿನ ತನಗೆ ಗೊತ್ತೇ ಆಗಲಿಲ್ಲವಲ್ಲ ಎಂಬ ನಾಚಿಕೆಗೆ ಮಾವ ಎರಡು ದಿನ ಅಂಗಡಿ ತೆರೆಯಲಿಲ್ಲ. ಮೂರನೆಯ ದಿನ ಅರ್ಜಿ ಬರೆದರು: ಸಂತೆಯ ಬಳಿ ಹೆಂಗಸರಿಗೊಂದು ಪಾಯಖಾನೆ ಬೇಕು. ಎಡಕ್ಕೆ ಕನ್ನಡ, ಬಾಜೂಕೆ ಮರಾಠಿ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಯಾರೂ ತಕರಾರು ತೆಗೆಯದಿರಲಿ ಎಂದು ಅಕ್ಕಪಕ್ಕ! ಅಂದಿನಿಂದ ಆ ಕಾಗದ ಕೋಟಿನ ಜೇಬು ಬಿಡಲಿಲ್ಲ.

ನನ್ನನ್ನು ನೋಡಲು ನನ್ನ ತವರೂರು ಬೀಡಿಗೆ ಬಂದಾಗಲೂ ಬಿಡಲಿಲ್ಲ ಪುಣ್ಯಾತ್ಮ. ನಮ್ಮ ಕಡೆ ಮದುವೆಯ ಮಾತು ಮುಗಿದ ಮೇಲೆ ಕೊಡುವುದು ತರುವುದನ್ನೆಲ್ಲ ಬರೆದು ಹಿರಿಯರು ಸಹಿ ಹಾಕುತ್ತಾರೆ. ಅದಕ್ಕೆ ಯಾದಿ ಎಂದು ಹೆಸರು. ಚಹಾ ಆಗುತ್ತಲೇ ಮಾವ ಕಾಗದ ತೆಗೆದು ನಮ್ಮಪ್ಪನ ಮುಂದಿಟ್ಟರು. ಇದೇ ಯಾದಿ ಎಂದುಕೊಂಡರು ಅಪ್ಪ. ಏನೇನು ಬೇಡಿದ್ದಾರೋ ಎಂದು ಓದುವ ಧೈರ್ಯ ಸಾಲದೆ ಸಹಿ ಹಾಕಿಯೇಬಿಟ್ಟರು. ಹಿಂದೆಯೇ ಕಾಕಾ, ಸೋದರಮಾವ, ಎಲ್ಲರೂ ಸಾಲಾಗಿ! ಕೊನೆಗೆ ಮಾವ ಪೆನ್ನನ್ನು ನನ್ನ ಕಡೆ ಚಾಚಿದರು. ಹುಡುಗಿ ಯಾದಿಗೆ ಸಹಿ ಹಾಕುವುದೆಂದರೇನು? ಅಪ್ಪ ಕಕ್ಕಾಬಿಕ್ಕಿ. ನಾನು ಓದಿದೆ. ನಗು ತಡೆಯಲಾಗದೆ ಸೆರಗನ್ನು ಬಾಯಿಗೊತ್ತಿಕೊಂಡೆ.

"ನಮ್ಮ ಬೇಡಿಕಿ ಇಷ್ಟ ನೋಡ್ರಿ. ಬ್ಯಾರೆ ಏನೂ ಬ್ಯಾಡ" ಎಂದರು ಮಾವ.

ಹುಡುಗನ ಮುಖವನ್ನು ನಾನು ಸರಿಯಾಗಿ ನೋಡಿದ್ದು ಆಮೇಲೆ. ಖರೇ ಹೇಳುತ್ತೇನೆ, ಮಾವನನ್ನು ನೋಡಿಯೇ ಆ ಮನೆಗೆ ಹೂಂ ಅಂದೆ.

ಸಹಿಗಾಗಿ ಅವರು ಲೋಂಡಾ, ಕಣಕುಂಬಿಯನ್ನೂ ಬಿಡದೆ ತಿರುಗಿದರು. ಮುದುಕನಿಗೆ ಹೆಂಗಸರ ಉಸಾಬರಿ ಯಾಕೆ ಎಂದು ನಕ್ಕವರ ಸಹಿಯನ್ನೂ ಬಿಡಲಿಲ್ಲ. ಎಲ್ಲಿಗೆ ಹೋಗಲಿ, ಸಂಜೆ ಊಟಕ್ಕೆ ಮನೆಗೆ ಹಾಜರು. ಮೊಮ್ಮಕ್ಕಳು ಪಂಕ್ತಿಗೆ ಕೂಡುವ ತನಕ ತುತ್ತು ಎತ್ತುತ್ತಿರಲಿಲ್ಲ. ಎಂಬತ್ತರ ದಶಕ ಕಾಲಿಡುವ ಹೊತ್ತಿಗೆ ಅಂತೂ ಕಟ್ಟಡ ಎದ್ದಿತು. ಹಂಚಿನ ಮಾಡು, ನಾಲ್ಕು ಬಾಗಿಲು, ನಲ್ಲಿ. ನಮಗದು ಅರಮನೆ!

ಉದ್ಘಾಟನೆಯ ದಿನ ಮನೆಯ ಹೆಂಗಸರೆಲ್ಲ ಹೊಸ ಸೀರೆ ಉಟ್ಟು ಮಾವನ ಜೊತೆ ಖಾನಾಪುರಕ್ಕೆ ಹೋದೆವು. ಬಾಗಿಲಿಗೆ ಕೆಂಪು ಟೇಪು ಕಟ್ಟಿತ್ತು. ಬರಬೇಕಾದ ದೊಡ್ಡ ಮನುಷ್ಯರ ಸುಳಿವಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಸಂತೆಯ ಹೆಂಗಸರು ಬುಟ್ಟಿ ಹೊತ್ತು ಬಿಸಿಲಲ್ಲಿ ಕಾದು ನಿಂತಿದ್ದರು. ಮಾವ ಗಡಿಯಾರ ನೋಡಿದರು, ಅತ್ತೆಯ ಮುಖ ನೋಡಿದರು. ಕೋಟಿನ ಜೇಬಿನಿಂದ ಅರಿವೆ ಕತ್ತರಿಸುವ ಉದ್ದ ಕತ್ತರಿ ತೆಗೆದು ಹೆಂಡತಿಯ ಕೈಗೆ ಕೊಟ್ಟರು. "ಕತ್ತರಸು. ಅವರು ಬಂದ ಮ್ಯಾಲೆ ಭಾಷಣ ಮಾಡ್ಲಿ."

ಅತ್ತೆ ಟೇಪು ಕತ್ತರಿಸಿದವರೇ ತಲೆ ಎತ್ತಿ ಒಳಗೆ ನಡೆದರು. ಅಬ್ಬಾ, ಎದ್ದ ಚಪ್ಪಾಳೆಯೇ! ನನಗಂತೂ ನಗುವಿನ ನಡುವೆಯೇ ಅಳು ಬಂತು. ಹೊರಗೆ ಬಂದ ಅತ್ತೆಯವರು ಹೋಟೆಲಿನಲ್ಲಿ ಕುಳಿತು, ಖಾನಾಪುರದಲ್ಲಿ ಜನ್ಮದಲ್ಲೇ ಮೊದಲ ಸಲ, ಎರಡು ಕಪ್ ಚಹಾ ಕುಡಿದರು. ಮಾವ ತಮ್ಮ ಚಹಾ ಮರೆತು ಅವರನ್ನೇ ನೋಡುತ್ತಿದ್ದರು.

ವಯಸ್ಸು ಎಂಬತ್ತು ತುಂಬಿದ ವರ್ಷ ಮಾವ ತೀರಿಕೊಂಡರು. ಹಾಸಿಗೆ ಹಿಡಿದಾಗಲೂ ನಾವು ಹೊರಟರೆ ಬೆರಳೆತ್ತಿ ತಂಬಿಗೆ ತೋರಿಸುತ್ತಿದ್ದರು. ಖಾನಾಪುರದ ಹೊಲದಲ್ಲಿ ಮಣ್ಣು ಮಾಡುವುದೆಂದಾಯಿತು. ಮಣ್ಣಾಗುವ ತನಕ ಮನೆಯವರು ಬಾಯಿಗೆ ಹನಿ ನೀರೂ ಹಾಕಬಾರದೆಂಬುದು ನಮ್ಮ ಮನೆಯ ರೂಢಿ. ಬೆಳಗಿನಿಂದ ಮಾವನ ಪಕ್ಕದಲ್ಲೇ ಕುಳಿತಿದ್ದ ಅತ್ತೆ, ಗಾಡಿ ಹತ್ತಲು ಎದ್ದವರು ಹೊಸ್ತಿಲಲ್ಲಿ ನಿಂತುಬಿಟ್ಟರು. ತಂಬಿಗೆ ತಾ ಎಂದರು. ನೆರೆದ ಹಿರಿಯರು ಬೇಡ, ಬೇಡ ಎಂದು ಎದ್ದು ಬಂದರು.

"ಖಾನಾಪುರಕ್ಕ ಹೊಂಟೀನಿ. ನೀರ ಕುಡೀಲಾರದ ಹೋದ್ರ ಅವರಿಗೆ ಸೇರಂಗಿಲ್ಲ."

ಪೂರ್ತಿ ಕುಡಿದರು. ತಂಬಿಗೆಯೊಳಗೆ ಒಮ್ಮೆ ಇಣುಕಿ ನೋಡಿದರು. ಮತ್ತೆ ತುಂಬಿಸಿ ನನ್ನ ಕೈಗಿಟ್ಟರು.