ಮುದ್ದಮ್ಮನ ಎರಡನೇ ಮುಖ

ಕೊಣನೂರು ಸಂತೆಗೆ ಹೋಗುವ ದಾರಿಯಲ್ಲೇ ನಮ್ಮ ಬೀದಿ, ಬೀದಿಯ ಕೊನೆಯ ಮನೆ ಲಕ್ಕಯ್ಯನದು. ಕೂಲಿ ಸಿಕ್ಕ ದಿನ ಕೂಲಿ, ಸಿಗದ ದಿನ ಮರಗೆಲಸ. ಬಾಗಿಲ ಚೌಕಟ್ಟು, ಒನಕೆ, ಸುತ್ತಲ ಊರುಗಳ ಸೋಮನ ಕುಣಿತಕ್ಕೆ ಬೇಕಾದ ದೊಡ್ಡ ಮರದ ಮುಖ, ಏನು ಕೇಳಿದರೂ ಮಾಡಿಕೊಡುತ್ತಿದ್ದ. ಮಾತು ಮಾತ್ರ ಕೇಳಬೇಡಿ. ‘ಊಂ’ ಅನ್ನುವುದಕ್ಕೂ ಜಿಪುಣತನ. ಅವನ ಪಾಲಿನ ಮಾತನ್ನೂ ಹೆಂಡತಿ ಮುದ್ದಮ್ಮನೇ ಆಡಿ ಮುಗಿಸುತ್ತಿದ್ದಳು, ಬೀದಿಗೆಲ್ಲ ಕೇಳಿಸುವ ಹಾಗೆ.

ಇವರಿಬ್ಬರ ಮಧ್ಯೆ ಬಂದವನು ಪಾಲಾಕ್ಷ. ಹೊಳೆನರಸೀಪುರದವನು, ರೆಸಾರ್ಟುಗಳಿಗೆ, ದೊಡ್ಡ ಮನೆಗಳಿಗೆ ಅಲಂಕಾರದ ಸಾಮಾನು ಒದಗಿಸುವ ವ್ಯಾಪಾರ ಅವನದು. ಮೊಬೈಲಿನಲ್ಲಿ ಫೋಟೋ ತೋರಿಸಿದ. ಆಫ್ರಿಕಾದಲ್ಲಿ ಐವರಿ ಕೋಸ್ಟ್ ಅಂತ ಒಂದು ದೇಶ, ಅಲ್ಲಿ ಬಾವುಲೆ ಅನ್ನುವ ಜನ, ಇವು ಅವರ ಮುಖವಾಡಗಳು. ಎತ್ತರದ ಹಣೆ, ನೀಳ ಮೂಗು, ಅರ್ಧ ಮುಚ್ಚಿದ ಕಣ್ಣು, ಪುಟ್ಟ ಬಾಯಿ, ಕಣ್ಣಂಚಿನಲ್ಲಿ ಉಬ್ಬಿದ ಗೀರುಗಳು. ಲಕ್ಕಯ್ಯ ನೋಡಿದ, ಶಿವನಿ ಮರದ ತುಂಡು ಎಳೆದುಕೊಂಡ, ಕೆತ್ತಿದ. ಪಾಲಾಕ್ಷ ಅವನ್ನು ಹಳೇ ಕಾಲದ ಅಸಲಿ ಮಾಲು ಅಂತ ಮಾರುತ್ತಿದ್ದ. ಹಳತಾಗಿಸುವ ಉಪಾಯವನ್ನೂ ಅವನೇ ಹೇಳಿಕೊಟ್ಟಿದ್ದ. ಒಲೆಯ ಹೊಗೆ ಹಿಡಿಸಿ, ಎಣ್ಣೆ ಸವರಿ, ಮಳೆಗಾಲ ಪೂರ್ತಿ ಹಿತ್ತಲಲ್ಲಿ ಹೂತಿಡಬೇಕು. ತೆಗೆದರೆ ಮುತ್ತಾತನ ಕಾಲದ್ದು! ಇಂಥ ಬುದ್ಧಿಯನ್ನು ಒಳ್ಳೆಯದಕ್ಕೆ ಬಳಸಿದ್ದರೆ ಅವನು ಎಲ್ಲೋ ಇರುತ್ತಿದ್ದ.

ಅದೇ ಪಾಲಾಕ್ಷ ಒಂದು ದಿನ ಹರಟೆಗೆ ಕೂತು, ಆ ಜನ ಬದುಕಿರುವವರ ಮುಖವನ್ನೇ ಕೆತ್ತಿಸುವುದುಂಟು, ಮುಖವಾಡ ಹಾಕಿದವನು ಕುಣಿಯುವಾಗ ಆ ಮುಖದ ಹೆಂಗಸು ತಾನೇ ಬಂದು ಪಕ್ಕದಲ್ಲಿ ಕುಣಿಯುತ್ತಾಳೆ, ಅದು ಅವಳಿಗೆ ಮಾಡುವ ಮರ್ಯಾದೆ ಅಂದ. ಲಕ್ಕಯ್ಯನ ಮನಸ್ಸಿಗೆ ಅದು ಹಿಡಿಸಿತು. ಮುದ್ದಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುವಾಗ ಎದುರು ಕೂತು ಅವಳನ್ನೇ ನೋಡಿ ನೋಡಿ ಕೆತ್ತಿದ. ಮದುವೆಯಲ್ಲೂ ಈ ಮನುಷ್ಯ ನನ್ನ ಹೀಗೆ ನೋಡಿರಲಿಲ್ಲ ಅಂತ ಅವಳು ಬೀದಿಯನ್ನೆಲ್ಲ ನಗಿಸಿದಳು. ತುಂಬಿದ ಕೆನ್ನೆ, ಗಲ್ಲದ ಗುಳಿ ಎಲ್ಲ ಬಂದಿತ್ತು. ಬೀದಿಯವರೆಲ್ಲ ಹೋಗಿ ನೋಡಿ ಬಂದೆವು.

ಆಮೇಲೆ ಲಕ್ಕಯ್ಯ, ಉಳಿದವುಗಳ ಜೊತೆ, ಅದನ್ನೂ ಹೂತ. ಕೈ ರೂಢಿ, ಅಷ್ಟೆ. ದೀಪಾವಳಿ ಹೊತ್ತಿಗೆ ಅಗೆದು ತೆಗೆಯುತ್ತಿದ್ದಾಗ ಸೌದೆಗೆಂದು ಹಿತ್ತಲಿಗೆ ಬಂದ ಮುದ್ದಮ್ಮ ತನ್ನ ಮುಖ ನೋಡಿದಳು. ಕಣ್ಣಲ್ಲಿ, ಬಾಯಲ್ಲಿ ಮಣ್ಣು ಮೆತ್ತಿತ್ತು. ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಮಾಡುತ್ತೇವೆ.

“ಬದ್ಕಿರೋಳ್ನೇ ಮಣ್ಣು ಮಾಡ್ಬುಟ್ಟಲ್ಲ ನೀನು,” ಅಂದಳು. ಜಗಳ ಆಡಲಿಲ್ಲ. ಅವಳು ಜಗಳ ಆಡದಿದ್ದದ್ದೇ ನಮಗೆಲ್ಲ ಹೆದರಿಕೆ ಹುಟ್ಟಿಸಿತು. ಅಷ್ಟರಲ್ಲಿ ಪಾಲಾಕ್ಷ ಬಂದು ಅವಳ ಮುಖವೂ ಸೇರಿ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿಕೊಂಡು ಹೋಗಿಬಿಟ್ಟ.

ಸಂಕ್ರಾಂತಿ ಕಳೆದ ಮೇಲೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಹಾಸನದ ಡಾಕ್ಟರು ಹೊಟ್ಟೆಯಲ್ಲಿ ಗಡ್ಡೆ ಇದೆ, ಬೇಗ ಆಪರೇಷನ್ ಮಾಡಿಸಿದರೆ ಉಳಿಯುತ್ತಾಳೆ ಅಂದರು. ಮುದ್ದಮ್ಮ ಒಪ್ಪಲಿಲ್ಲ. ಮಣ್ಣಿಗೆ ಹಾಕಿದ ನನ್ನ ಮುಖ ಮನೆಗೆ ಬರಬೇಕು, ಅರಿಶಿನದ ನೀರಲ್ಲಿ ತೊಳೆದು ಒಳಗಿಡಬೇಕು, ಆಮೇಲೆ ಎಲ್ಲಿಗೆ ಬೇಕಾದರೂ ಬರುತ್ತೇನೆ, ಅಲ್ಲಿಯ ತನಕ ಕತ್ತರಿ ಹಾಕಿಸಿಕೊಂಡರೆ ಮೇಲೇಳುವುದಿಲ್ಲ ಅಂತ ಪಟ್ಟು ಹಿಡಿದಳು. ಚನ್ನರಾಯಪಟ್ಟಣದಿಂದ ಮಗಳು ಧನುಶ್ರೀ ಬಂದು, ಗೋಡೆ ಮೇಲೆ ಬುದ್ಧನನ್ನೂ ಬಾಬಾಸಾಹೇಬರನ್ನೂ ಇಟ್ಟುಕೊಂಡು ಇದೆಂಥ ಮೌಢ್ಯ ಅಂತ ಬೈದಳು, ಅತ್ತಳು. ನಾನೂ ಹೋಗಿ ಬುದ್ಧಿ ಹೇಳಿದೆ. ಯಾರ ಮಾತೂ ನಾಟಲಿಲ್ಲ.

ಲಕ್ಕಯ್ಯ ಹೊಳೆನರಸೀಪುರಕ್ಕೆ ಅಲೆದ. ಮಾಲು ಡೆಲ್ಲಿಗೆ ಹೋಯಿತು, ಅಲ್ಲಿಂದ ಯಾವ ದೇಶಕ್ಕೋ, ಇನ್ನೊಂದು ಮಾಡಿಕೋ ಹೋಗು ಅಂದ ಪಾಲಾಕ್ಷ. ಅವನು ಅಂದದ್ದು ತಾತ್ಸಾರಕ್ಕೆ. ಲಕ್ಕಯ್ಯ ಅದನ್ನೇ ಹಿಡಿದುಕೊಂಡ. ಅದೇ ಶಿವನಿ ಮರ, ಅದೇ ಉಳಿ. ಅವಳು ನೋವಿನ ಮಂಪರಿನಲ್ಲಿ ಮಲಗಿದ್ದಾಗ ಬಾಗಿಲ ಬಳಿ ಕೂತು ಕೆತ್ತಿದ. ನೋಡಲು ಬಂದವರೆಲ್ಲ ಅವಳಿಗೆ, ಹೆಂಗಿದ್ದೆಯೋ ಹಂಗೇ ಇದ್ದೀಯ ಅನ್ನುತ್ತಿದ್ದೆವು. ಗಾಬರಿಯಾದಾಳು ಅಂತ ಧನುಶ್ರೀ ಗೋಡೆಯ ಕನ್ನಡಿಯನ್ನು ತೆಗೆದಿಟ್ಟಿದ್ದಳು.

ಮುಗಿದ ಮುಖಕ್ಕೆ ಹೊಗೆ ಹಿಡಿಸಿ, ಎಣ್ಣೆ ಸವರಿ, ಮಣ್ಣು ಉಜ್ಜಿ, ಪಾಲಾಕ್ಷ ವಾಪಸು ಕೊಟ್ಟ ಅಂತ ತಂದು ಅವಳ ಕೈಗಿಟ್ಟ. ನಾನು ಅಲ್ಲೇ ಇದ್ದೆ. ಮುದ್ದಮ್ಮ ಎದ್ದು ಕೂತು ಮೊದಲು ನಕ್ಕಳು. ಆಮೇಲೆ ಅದರ ಕೆನ್ನೆ ಸವರಿದಳು, ತನ್ನ ಕೆನ್ನೆ ಮುಟ್ಟಿಕೊಂಡಳು. ಆಗ ನನಗೂ ಕಂಡಿತು. ಮರದ ಕೆನ್ನೆ ಗುಳಿ ಬಿದ್ದಿತ್ತು, ಕಣ್ಣು ಒಳಗೆ ಸೇರಿತ್ತು, ದವಡೆಯ ಮೂಳೆ ಎದ್ದಿತ್ತು. ಅವನು ಹಳೆಯ ಮುದ್ದಮ್ಮನನ್ನು ಕೆತ್ತುತ್ತೇನೆ ಅಂತಲೇ ಕೂತಿದ್ದ. ಕೈ ಮಾತ್ರ ಎದುರಿಗಿದ್ದವಳನ್ನೇ ಕೆತ್ತಿತ್ತು.

“ಇದು ಅದಲ್ಲ. ಇದು ಈಗಿನ್ ಮಕ,” ಅಂದಳು. “ಇಷ್ಟೊಂದು ಇಳ್ದೋಗಿದ್ದೀನಾ ನಾನು? ಒಬ್ರಾದ್ರೂ ಹೇಳ್ನಿಲ್ವಲ್ಲ.”

ಮುಖವನ್ನು ತೊಳೆಸಲೂ ಇಲ್ಲ, ಒಳಗಿಡಿಸಲೂ ಇಲ್ಲ, ಆಸ್ಪತ್ರೆಗೆ ನಡೀರಿ ಅಂದಳು. ಅವತ್ತೇ ಆಟೋ ಮಾಡಿಕೊಂಡು ಹೊರಟರು. ಹಾಸನದಲ್ಲಿ ಹೊಟ್ಟೆ ತೆರೆದ ಡಾಕ್ಟರು, ಗಡ್ಡೆ ಆಗಲೇ ಎಲ್ಲ ಕಡೆ ಹಬ್ಬಿದೆ ಅಂತ, ಏನೂ ಮುಟ್ಟದೆ ಹಾಗೇ ಹೊಲಿದರು. ಮೊದಲ ಸಲ ಹೇಳಿದಾಗಲೇ ಯಾಕೆ ತರಲಿಲ್ಲ ಅಂತ ಅವರು ಗದರಿದಾಗ ಲಕ್ಕಯ್ಯ ಗೋಡೆ ನೋಡುತ್ತ ನಿಂತಿದ್ದನಂತೆ.

ಮನೆಗೆ ತಂದ ಮೇಲೆ ಅವಳು ಹೆಚ್ಚು ದಿನ ಇರಲಿಲ್ಲ. ಮಾತೂ ಕಡಿಮೆಯಾಯಿತು. ಗಂಡ ಗಂಜಿ ಕುಡಿಸಲು ಬಂದಾಗಲೆಲ್ಲ ಒಂದೇ ಪ್ರಶ್ನೆ.

“ಕೆತ್ತೋವಾಗ ನೋಡಿದ್ಯಲ್ಲ ನನ್ನ. ಸಾಯ್ತಾವ್ಳೆ ಅಂತ ಕಂಡಿತ್ತಲ್ಲ ನಿಂಗೆ. ಯಾಕ್ ಮುಚ್ಚಿಟ್ಟೆ?”

“ಕಾಣ್ನಿಲ್ಲ ಕಣೆ. ನಿನ್ನಾಣೆ, ಕಾಣ್ನಿಲ್ಲ,” ಅನ್ನುತ್ತಿದ್ದ ಲಕ್ಕಯ್ಯ.

ಜೀವಮಾನದಲ್ಲಿ ಅವನು ಅಷ್ಟು ಮಾತಾಡಿದ್ದು ಅದೇ. ಅವನಿಗೆ ಕಾಣಲಿಲ್ಲ ಅನ್ನುವುದು ನಿಜವೂ ಹೌದು, ನಾನು ಬಲ್ಲೆ. ಮುದ್ದಮ್ಮ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಕೊನೆಯ ದಿನವೂ ಅವಳು ಅವನ ಕೈಯಿಂದ ನೀರು ತೆಗೆದುಕೊಳ್ಳಲಿಲ್ಲ. ಧನುಶ್ರೀಯೇ ಕುಡಿಸಿದಳು.